ಮೂರನೇ ಮೈಕ್

ನೈಜೆಲ್‌ನನ್ನು ಮದುವೆಯ ಹಾಲಿನ ಬಾಗಿಲಲ್ಲೇ ತಡೆದಾಗ ಅವನು ಮೊದಲು ನಕ್ಕುಬಿಟ್ಟ. ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು. ಅಬಾಯಾ ತೊಟ್ಟ ಇಬ್ಬರು ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಇಳಿಹೊತ್ತಿನ ಅಸರ್ ನಮಾಜಿನ ನಂತರ ಒಳಗೆ ಗಂಡಸರಿಗೆ ಪ್ರವೇಶವಿಲ್ಲ ಎಂದು ಮತ್ತೊಮ್ಮೆ ಹೇಳಿದಾಗ ಅವನ ನಗು ನಿಂತಿತು.

"ನಾನು ಈ ಹಾಡುಗಾರರ ಸೌಂಡ್ ಇಂಜಿನಿಯರ್," ಎಂದ. "ಇವರು ಶಾಲೆಗೆ ಹೋಗುವ ಹುಡುಗಿಯರಾಗಿದ್ದಾಗಿನಿಂದ ಇವರ ಸೌಂಡ್ ನೋಡುತ್ತಿರುವವನು ನಾನು. ನಾನು ಒಳಗಿಲ್ಲದೆ ಶೋ ನಡೆಯುವುದು ಹೇಗೆ?"

ಫರ್ಸಾನಾ ವಾಕಿಟಾಕಿಯನ್ನು ಎಡಗೈಯಿಂದ ಬಲಗೈಗೆ ಬದಲಿಸಿದಳು. ಈ ಮದುವೆಯ ಹೆಂಗಸರ ಕಡೆಯ ಏರ್ಪಾಡನ್ನೆಲ್ಲ ವಹಿಸಿಕೊಂಡ ಕಂಪನಿಯ ಮ್ಯಾನೇಜರ್ ಅವಳು. ಬಂಟ್ವಾಳದ ಬ್ಯಾರಿ ಹೆಂಗಸು. ಕುವೈತಿನ ದೊಡ್ಡ ಮನೆತನಗಳ ಮದುವೆ ಮಾಡಿಸಿ ಮಾಡಿಸಿ ಯಾರ ಮುಖ ಕೆಂಪಾದರೂ ತನ್ನ ದನಿ ಏರಿಸದಿರುವುದನ್ನು ಕಲಿತವಳು.

"ಎರಡು ತಿಂಗಳ ಹಿಂದೆಯೇ ತಿಳಿಸಿದ್ದೆವಲ್ಲ ಸರ್. ಒಳಗೆ ಹಾಡುವವರು, ಬಡಿಸುವವರು, ಲೈಟಿನವರು, ಎಲ್ಲ ಹೆಂಗಸರೇ. ಸೌಂಡಿಗೆ ಇವಳಿದ್ದಾಳೆ."

ಇವಳು ಅಂದರೆ ಲವಿಟಾ. ಮೂಲ ಮಂಗಳೂರಿನ ಕೆಥೋಲಿಕ್ ಮನೆಯವಳಾದರೂ ಹುಟ್ಟಿ ಬೆಳೆದದ್ದೆಲ್ಲ ಕುವೈತಿನಲ್ಲಿ. ವಾರದ ದಿನಗಳಲ್ಲಿ ಮಿರ್ಕಾಬಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಗಂಡ ಜೆರೋಮ್ ಶುವೈಖಿನಲ್ಲಿ ಸ್ಪೀಕರು, ಮೈಕು, ಲೈಟು ಬಾಡಿಗೆಗೆ ಕೊಡುವ ಗೋದಾಮು ನೋಡಿಕೊಳ್ಳುತ್ತಿದ್ದ. ಗೋದಾಮಿನ ಯಜಮಾನ ಕುವೈತಿನವನು; ಜೆರೋಮನ ಕಫೀಲ್, ಅಂದರೆ ಅವನು ಅಲ್ಲಿರಲು ಜಾಮೀನು ನಿಂತವನು, ಅವನೇ. ಹೆಂಗಸರ ಸಮಾರಂಭಗಳಲ್ಲಿ ಸಾಮಾನು ಇಳಿಸಿ, ವಯರು ಎಳೆದು ಗಂಡಸರು ಹೊರಗೆ ಹೋಗಬೇಕಾಗಿದ್ದರಿಂದ ಮಿಕ್ಸರಿನ ಮುಂದೆ ಕೂರಲು ಒಬ್ಬ ಹೆಂಗಸು ಬೇಕೇ ಬೇಕಿತ್ತು. ಜೆರೋಮ್ ಹೆಂಡತಿಗೆ ಕಲಿಸಿದ. ಅವಳಿಗೆ ಅದು ಹಿಡಿಸಿತು.

ಆ ದಿನ ಮಾತ್ರ ಅವಳು ಒಂದು ಗಂಟೆ ಮೊದಲೇ ಬಂದಿದ್ದಳು. ಹಾಡಲು ಬಂದಿದ್ದವರು ಲೆಮನ್ ಸ್ಟ್ರೀಟ್.

ಅವಳು ಹೈಸ್ಕೂಲಿನಲ್ಲಿದ್ದಾಗ ಕುವೈತಿನ ಇಂಡಿಯನ್ ಸ್ಕೂಲುಗಳ ಹುಡುಗಿಯರಿಗೆಲ್ಲ ಲೆಮನ್ ಸ್ಟ್ರೀಟಿನ ಹುಚ್ಚು. ಇಂಗ್ಲೆಂಡಿನ ಉತ್ತರದ ಯಾವುದೋ ಊರಿನ ಐದು ಹುಡುಗಿಯರು, ಟಿವಿಯ ಆಡಿಷನ್ನಿನಲ್ಲಿ ಒಬ್ಬರಿಗೊಬ್ಬರು ಪರಿಚಯವಾದವರು. ಮೊದಲ ವರ್ಷವೇ ಮೂರು ಹಾಡು ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೆ ಹೋದವು. ಚರ್ಚಿನ ವಾರ್ಷಿಕೋತ್ಸವದಲ್ಲಿ ಲವಿಟಾ ಮತ್ತು ನಾಲ್ವರು ಗೆಳತಿಯರು ಅವರ ಹಾಗೆ ಬಟ್ಟೆ ತೊಟ್ಟು ಕುಣಿದಿದ್ದರು. ಉಳಿದವರೆಲ್ಲ ಲೊರೈನ್ ಆಗಬೇಕೆಂದು ಜಗಳವಾಡಿದರು; ನಡುವೆ ನಿಂತು ಹಾಡುವವಳು ಅವಳೇ ಆಗಿದ್ದಳಲ್ಲ. ಲವಿಟಾ ಕೆರಿ ಆದಳು. ಕೆರಿ ತುದಿಯಲ್ಲಿ ನಿಲ್ಲುತ್ತಿದ್ದಳು, ತಗ್ಗಿದ ದನಿಯಲ್ಲಿ ಹಾಡುತ್ತಿದ್ದಳು, ಆದರೆ ಕೊನೆಯ ಬಸ್ಸು ತಪ್ಪಿಸಿಕೊಂಡ ಹುಡುಗಿಯ ಬಗೆಗಿನ ಆ ನಿಧಾನದ ಹಾಡು ಪೂರ್ತಿ ಅವಳದ್ದೇ.

ಆಮೇಲೆ ಒಬ್ಬಳು ಮದುವೆಯಾಗಿ ತಂಡ ಬಿಟ್ಟಳು. ಇನ್ನೊಬ್ಬಳು ಒಂಟಿಯಾಗಿ ಹಾಡುತ್ತೇನೆಂದು ಹೋದಳು. ಮೂವರಾಗಿ ಉಳಿದ ವರ್ಷ, ಟಿವಿಯ ನೇರಪ್ರಸಾರದಲ್ಲಿ ಆ ನಿಧಾನದ ಹಾಡಿನ ಎತ್ತರದ ಜಾಗಕ್ಕೆ ಬಂದಾಗ ಕೆರಿಯ ದನಿ ಒಡೆಯಿತು. ಬರೀ ಒಂದು ಕ್ಷಣ. ಆದರೆ ಅದನ್ನೇ ಹಾಸ್ಯದ ಕಾರ್ಯಕ್ರಮದವರು ತಿಂಗಳುಗಟ್ಟಲೆ ಅಣಕಿಸಿದರು. ಬೇಸಿಗೆ ಮುಗಿಯುವುದರೊಳಗೆ ಲೆಮನ್ ಸ್ಟ್ರೀಟ್ ಮುಚ್ಚಿತು. ಹತ್ತು ಹನ್ನೆರಡು ವರ್ಷವಾದ ಮೇಲೆ ಲೊರೈನ್, ಗೆಮ್ಮಾ, ಕೆರಿ ಮತ್ತೆ ಒಟ್ಟಾದರು. ಹಡಗುಗಳಲ್ಲಿ, ಹೋಟೆಲುಗಳಲ್ಲಿ, ಹಳೆಯ ಅಭಿಮಾನಿಗಳ ಖಾಸಗಿ ಔತಣಗಳಲ್ಲಿ ಹಾಡುತ್ತ ಬಂದರು. ಈ ಮದುವೆಯ ವಧುವಿನ ತಾಯಿ ಲಂಡನ್ನಿನಲ್ಲಿ ಓದಿದವರು. ಲೆಮನ್ ಸ್ಟ್ರೀಟ್ ಬರಲೇಬೇಕೆಂದು ಹಟ ಹಿಡಿದು ಕರೆಸಿದ್ದರು.

ನೈಜೆಲ್ ಲವಿಟಾಳನ್ನು ಮೆಟ್ಟಿಲಿನ ಪಕ್ಕಕ್ಕೆ ಕರೆದ. ಲ್ಯಾಪ್‌ಟಾಪ್ ತೆರೆದು ಹಾಡುಗಳ ಸಂಗೀತ ಎಲ್ಲಿದೆ, ಯಾವುದರ ನಂತರ ಯಾವುದು ಎಂದೆಲ್ಲ ತೋರಿಸಿದ. ಅವಸರದಲ್ಲಿದ್ದ. ಆಮೇಲೆ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ.

"ಒಂದು ಮುಖ್ಯ ವಿಷಯ. ಮೂರನೇ ಮೈಕ್ ಕೆರಿಯದ್ದು. ಅದನ್ನು ಹಾಲಿನ ಸ್ಪೀಕರಿಗೆ ಬಿಡಬಾರದು."

"ಯಾವ ಹಾಡಿನಲ್ಲಿ?"

"ಯಾವ ಹಾಡಿನಲ್ಲೂ. ಅವಳ ದನಿ ಲ್ಯಾಪ್‌ಟಾಪಿನಲ್ಲಿದೆ, ಹಳೆಯ ರೆಕಾರ್ಡಿನದ್ದು. ಹಾಲಿಗೆ ಅದು ಹೋಗಲಿ. ಅವಳ ಮೈಕಿನ ದನಿ ಅವಳ ಇಯರ್‌ಪೀಸಿಗೆ ಮಾತ್ರ. ಅದು ಕಿವಿಯಲ್ಲಿದ್ದರೆ ಹೊರಗಿನ ಸದ್ದು ಕೇಳಿಸದು, ತನ್ನ ದನಿಯೇ ಹಾಲಿನಲ್ಲೂ ಕೇಳಿಸುತ್ತಿದೆ ಎಂದು ಅವಳು ತಿಳಿದಿರುತ್ತಾಳೆ."

ಲವಿಟಾಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಅಂದರೆ ಅವರಿಗೆ ಗೊತ್ತಿಲ್ಲವೇ?"

"ಮತ್ತೆ ಒಟ್ಟಾದಾಗಿನಿಂದ ಹೀಗೇ. ಅವಳ ಒಳ್ಳೆಯದಕ್ಕೇ. ಇನ್ನೊಮ್ಮೆ ಅಂಥದ್ದು ಆದರೆ ಅವಳು ಎದ್ದು ನಿಲ್ಲುವುದಿಲ್ಲ. ಲೊರೈನ್, ಗೆಮ್ಮಾ ಇಬ್ಬರಿಗೂ ಗೊತ್ತು. ನೀವು ಬಾಯಿ ಬಿಡಬೇಡಿ. ಏನಾದರೂ ಎಡವಟ್ಟಾದರೆ ಮುಂದಿನ ಹಾಡಿಗೆ ಹೋಗಿಬಿಡಿ, ಅಷ್ಟೇ."

ಅವನನ್ನು ಕೆಳಗೆ ಕಳಿಸಿದರು. ಬಾಗಿಲಲ್ಲಿ ಲವಿಟಾಳ ಫೋನನ್ನೂ ಚೀಲಕ್ಕೆ ಹಾಕಿ ಮೊಹರು ಮಾಡಿದರು. ಒಳಗೆ ಯಾರೂ ಫೋಟೋ ತೆಗೆಯುವಂತಿರಲಿಲ್ಲ. ಹೊರಗಿನವರ ಜೊತೆ ಮಾತಾಡಲು ಉಳಿದದ್ದು ಫರ್ಸಾನಾಳ ಕೈಯ ವಾಕಿಟಾಕಿ ಒಂದೇ.

ಸಂಜೆಯ ಮೊದಲು ಮೈಕುಗಳ ಪರೀಕ್ಷೆಗೆ ಮೂವರೂ ವೇದಿಕೆಗೆ ಬಂದರು. ಲೊರೈನ್ ಈಗಲೂ ನಡುವೆಯೇ ನಿಂತಳು. ಗೆಮ್ಮಾ ಅವಳ ಬಲಕ್ಕೆ. ಕೆರಿ ತುದಿಯಲ್ಲಿ, ಕೂದಲು ಕತ್ತರಿಸಿಕೊಂಡು, ಕನ್ನಡಕ ಹಾಕಿಕೊಂಡು, ಯಾವುದೋ ಶಾಲೆಯ ಟೀಚರಂತೆ ಕಾಣುತ್ತಿದ್ದಳು.

ಲವಿಟಾ ಹೆಡ್‌ಫೋನ್ ಹಾಕಿಕೊಂಡು ಮೂರನೇ ಮೈಕನ್ನು ಮಾತ್ರ ಕೇಳಿದಳು. ಹಾಲಿನ ಸ್ಪೀಕರುಗಳಲ್ಲಿ ಇಪ್ಪತ್ತು ವರ್ಷದ ಹುಡುಗಿಯ ದನಿ ಹರಿಯುತ್ತಿತ್ತು, ನಯವಾಗಿ, ಒಂದು ಗೀರೂ ಇಲ್ಲದೆ. ಹೆಡ್‌ಫೋನಿನಲ್ಲಿ ನಡುವಯಸ್ಸಿನ ಹೆಂಗಸಿನ ದನಿ. ಮೊದಲಿಗಿಂತ ದಪ್ಪವಾಗಿತ್ತು, ಅಲ್ಲಲ್ಲಿ ಒರಟಾಗಿತ್ತು, ಎತ್ತರಕ್ಕೆ ಏರುವಾಗ ಅಳುಕುತ್ತಿತ್ತು. ಆದರೆ ಅದು ಕೆಟ್ಟಿರಲಿಲ್ಲ. ಯಾವ ಮಾತನ್ನು ಎಲ್ಲಿ ಹಗುರವಾಗಿ ಬಿಡಬೇಕು ಎಂದು ಬಲ್ಲವಳ ದನಿ. ಲವಿಟಾ ಹಾಡು ಮುಗಿದ ಮೇಲೂ ಹೆಡ್‌ಫೋನನ್ನು ತೆಗೆಯದೆ ಕೂತಿದ್ದಳು.

ಕೆರಿ ವೇದಿಕೆಯಿಂದ ಇಳಿದು ನೇರ ಅವಳ ಬಳಿಗೇ ಬಂದಳು.

"ನಿಮ್ಮ ಹೆಸರೇನು?"

"ಲವಿಟಾ."

"ಲವಿಟಾ, ನೈಜೆಲ್ ಯಾವಾಗಲೂ ಚೆನ್ನಾಗಿದೆ ಎನ್ನುತ್ತಾನೆ. ಅವನಿಗೆ ಅಭ್ಯಾಸವಾಗಿಬಿಟ್ಟಿದೆ. ನೀವು ಹೇಳಿ, ಇಲ್ಲಿ ಕೂತವರಿಗೆ ನಾನು ಹೇಗೆ ಕೇಳಿಸುತ್ತೇನೆ?"

ಲವಿಟಾಳ ಕೈ ಮಿಕ್ಸರಿನ ಮೇಲಿತ್ತು. ಕೆರಿಯ ಹಳೆಯ ದನಿಯ ಗುಂಡಿ ಮೇಲಕ್ಕಿತ್ತು, ಮೂರನೇ ಮೈಕಿನ ಗುಂಡಿ ಪೂರ್ತಿ ಕೆಳಗೆ. ಮಿಕ್ಸರು ಗೊತ್ತಿರುವವರಿಗೆ ಒಂದು ಕಣ್ಣೋಟ ಸಾಕಿತ್ತು. ಅವಳು ಅಂಗೈಯನ್ನು ಅಗಲ ಮಾಡಿ ಎರಡನ್ನೂ ಮುಚ್ಚಿದಳು.

"ಚೆನ್ನಾಗಿ ಕೇಳಿಸುತ್ತದೆ, ಮೇಡಮ್."

"ನಿಜವಾಗಿ?"

"ನಿಜವಾಗಿ."

ಕೆರಿ ಅವಳ ಭುಜ ತಟ್ಟಿ ಹೋದಳು. ಅವಳು ದೂರವಾದ ಮೇಲೆಯೇ ಲವಿಟಾ ಗುಂಡಿಗಳಿಂದ ಕೈ ತೆಗೆದಳು.

ಮೈಕುಗಳಿಗೆ ಹೊಸ ಬ್ಯಾಟರಿ ಹಾಕುವುದು ಅವಳ ಕೆಲಸವೇ ಆಗಿದ್ದರಿಂದ, ಅತಿಥಿಗಳು ಬರತೊಡಗಿದಾಗ ಅವಳು ಹಾಡುಗಾರರ ಕೋಣೆಗೆ ಹೋದಳು. ಕೆರಿ ಒಬ್ಬಳೇ ಇದ್ದರೆ ಹೇಳಿಬಿಡುವುದು ಎಂದು ದಾರಿಯಲ್ಲಿ ನಿಶ್ಚಯಿಸಿದ್ದಳು. ಮೂವರೂ ಇದ್ದರು. ಕೆರಿ ಕನ್ನಡಿಯ ಮುಂದೆ ತಲೆ ವಾಲಿಸಿ ಕಿವಿಗೆ ಏನೋ ಹಚ್ಚಿಕೊಳ್ಳುತ್ತಿದ್ದಳು.

"ವಿಮಾನದಲ್ಲಿ ಕಿವಿ ಕಟ್ಟಿದ್ದು ಇನ್ನೂ ಬಿಟ್ಟಿಲ್ಲ," ಎಂದಳು. "ನನ್ನ ಹಾಡಿನಲ್ಲಿ ಇಯರ್‌ಪೀಸ್ ತೆಗೆದುಬಿಡುತ್ತೇನೆ. ವಧುವಿನ ತಾಯಿ ಹತ್ತಿರ ಬಂದು ಹಾಡಲು ಕೇಳಿದ್ದಾರೆ. ಆ ಹೆಂಗಸರ ನಡುವೆ ನಡೆದುಕೊಂಡು ಹೋಗುವಾಗ ಕಿವಿಯಲ್ಲಿ ಬಿರಡೆ ಇಟ್ಟುಕೊಂಡರೆ ಏನು ಚೆಂದ?"

"ತೆಗೆಯಬೇಡ," ಎಂದಳು ಲೊರೈನ್. ತಟ್ಟನೆ, ಬಲು ಜೋರಾಗಿ.

ಕೆರಿ ಕನ್ನಡಿಯಲ್ಲೇ ಅವಳನ್ನು ನೋಡಿದಳು. "ಯಾಕೆ?"

"ತಾಳ ತಪ್ಪುತ್ತದೆ. ಯಾಕೆ ಅಂದರೆ? ಇಷ್ಟು ವರ್ಷ ಹಾಕಿಕೊಂಡೇ ಹಾಡಿದ್ದೀಯಲ್ಲ."

"ಅದಕ್ಕೇ. ಇಷ್ಟು ವರ್ಷದಲ್ಲಿ ಎದುರಿಗೆ ಕೂತವರ ಉಸಿರೂ ನನಗೆ ಕೇಳಿಸಿಲ್ಲ."

ಗೆಮ್ಮಾ ಲವಿಟಾಳನ್ನೇ ದಿಟ್ಟಿಸುತ್ತಿದ್ದಳು. ನಿನಗೆ ಗೊತ್ತು ಎಂದು ನನಗೆ ಗೊತ್ತು ಎನ್ನುವ ನೋಟ. ಲವಿಟಾ ಬ್ಯಾಟರಿ ಹಾಕಿದಳು, ಮುಚ್ಚಳ ಒತ್ತಿದಳು, ಹೊರಗೆ ಬಂದಳು.

ಫರ್ಸಾನಾ ಕಾರಿಡಾರಿನಲ್ಲಿ ಖರ್ಜೂರದ ತಟ್ಟೆಗಳನ್ನು ಸಾಲಾಗಿ ಕಳಿಸುತ್ತಿದ್ದಳು.

"ಅಕ್ಕ, ಒಂದು ಪ್ರಾಬ್ಲೆಮ್ ಉಂಟು."

"ಇವತ್ತು ನನ್ನತ್ರ ಪ್ರಾಬ್ಲೆಮ್ ಹೇಳ್ಬೇಡ ಮಾರಾಯ್ತಿ. ಎಂತ? ಬೇಗ ಹೇಳು."

ಲವಿಟಾ ಹೇಳಿದಳು. ಕೇಳುತ್ತ ಕೇಳುತ್ತ ಫರ್ಸಾನಾ ತಟ್ಟೆಗಳನ್ನು ನೋಡುವುದನ್ನು ಬಿಟ್ಟಳು.

"ಅದು ಅವರವರ ಒಳಗಿನ ಜಗಳ. ನಮಗೆ ಎಂತಕ್ಕೆ? ಆ ನೈಜೆಲ್ ಎಂತ ಹೇಳಿದ್ದಾನೊ ಅಷ್ಟು ಮಾಡು. ಖಲಾಸ್."

"ಇಯರ್‌ಪೀಸ್ ತೆಗೆದ್ರೆ ಅವಳಿಗೆ ಗೊತ್ತಾಗ್ತದೆ ಅಕ್ಕ. ಹಾಲಲ್ಲಿ ಕೇಳುದು ತನ್ನ ಸ್ವರ ಅಲ್ಲ ಅಂತ ಯಾರಿಗಾದ್ರೂ ಗೊತ್ತಾಗುದಿಲ್ವಾ? ಅಷ್ಟು ಜನರ ಎದುರು. ಮೊದ್ಲೇ ಹೇಳಿದ್ರೆ ಒಳ್ಳೇದಲ್ವಾ?"

"ನೀನು ಈಗ ಹೇಳಿದ್ರೆ ಅವಳು ಸ್ಟೇಜಿಗೇ ಹತ್ತುದಿಲ್ಲ. ಆಮೇಲೆ ವಧುವಿನ ತಾಯಿಗೆ ಯಾರು ಉತ್ತರ ಕೊಡುದು? ನೀನಾ?" ಫರ್ಸಾನಾ ಅವಳ ಮೊಣಕೈ ಹಿಡಿದಳು. ಹಿಡಿತ ಬಿಗಿಯಾಗಿತ್ತು. "ನೋಡು ಲವಿಟಾ, ನನಗೂ ಹೆಣ್ಮಕ್ಕಳಿದ್ದಾರೆ. ಇದು ಸರಿ ಅಂತ ನಾನು ಹೇಳುದಿಲ್ಲ. ಇವತ್ತು ಬೇಡ ಅಂತ ಹೇಳುದು."

ವಾಕಿಟಾಕಿಯಲ್ಲಿ ಜೆರೋಮನ ದನಿ ಗರಗರಿಸಿತು. ಅವನು ಕೆಳಗೆ ಸಾಮಾನು ಇಳಿಸುವ ಕಟ್ಟೆಯ ಬಳಿ ನೈಜೆಲ್ ಜೊತೆ ಕಾಯುತ್ತಿದ್ದ. ಫರ್ಸಾನಾ ವಾಕಿಟಾಕಿಯನ್ನು ಲವಿಟಾಳ ಬಾಯಿಯ ಹತ್ತಿರ ಹಿಡಿದಳು.

"ಲವಿ, ಈ ನೈಜೆಲ್ ಒಂದೇ ಸಮ ಆ ಕಡೆ ಈ ಕಡೆ ನಡೀತಾ ಇದ್ದಾನೆ. ಎಲ್ಲ ಸರಿ ಉಂಟಾ?"

"ಸರಿ ಇಲ್ಲ ಜೆರೋಮ್."

ಏನೆಂದು ಅವನು ಕೇಳಲಿಲ್ಲ. ನೈಜೆಲ್ ಅವನಿಗೂ ಹೇಳಿರಬೇಕು.

"ನೀನು ಹೊಸತು ಎಂತದೂ ಮಾಡ್ಲಿಕ್ಕೆ ಹೋಗ್ಬೇಡ ಆಯ್ತಾ? ಇವರ ಕೆಲಸ ತಪ್ಪಿದ್ರೆ ಕಫೀಲ್ ನನ್ನನ್ನು ನಿಲ್ಲಿಸಿ ಕೇಳ್ತಾನೆ, ನಿನ್ನನ್ನಲ್ಲ. ನಮ್ಮ ಇಕಾಮಾ ಇರುದು ಅವನ ಕೈಲಿ, ಅವನು ರದ್ದು ಮಾಡಿದ್ರೆ ಊರಿಗೆ ಹೋಗ್ಬೇಕು. ಅವರ ಹಾಡು, ಅವರ ಸ್ವರ. ನಮಗೆ ಸಂಬಂಧ ಇಲ್ಲ."

ಲವಿಟಾ ಮಿಕ್ಸರಿನ ಹಿಂದೆ ಹೋಗಿ ಕೂತಳು.

ಹಾಲಿನಲ್ಲಿ ಜನ ತುಂಬಿದರು. ಅಬಾಯಾಗಳನ್ನು ಬಾಗಿಲಲ್ಲಿ ಕಳಚಿಟ್ಟು ಬಂದ ಹೆಂಗಸರ ಬಣ್ಣಬಣ್ಣದ ಉಡುಪು, ಊದಿನ ಹೊಗೆ, ಮಕ್ಕಳ ಕೂಗಾಟ. ವಧು ಹೂವಿನ ಮಂಟಪದಲ್ಲಿ ಕೂತಿದ್ದಳು. ಅವಳ ತಾಯಿ ಮುಂದಿನ ಸಾಲಿನಲ್ಲಿ, ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು ಶಾಲೆಯ ಹುಡುಗಿಯಂತೆ ಕಾಯುತ್ತಿದ್ದರು.

ದೀಪಗಳು ಆರಿದವು. ಲೆಮನ್ ಸ್ಟ್ರೀಟ್ ಬಂದಾಗ ಹೆಂಗಸರು ನಾಲಿಗೆ ಹೊರಳಿಸಿ ಎಬ್ಬಿಸಿದ ಕೇಕೆಗೆ ಲವಿಟಾಳ ಹೆಡ್‌ಫೋನೇ ಅದುರಿತು. ಮೊದಲ ಹಾಡು ಕ್ಷೇಮವಾಗಿ ಮುಗಿಯಿತು. ಎರಡನೆಯದರಲ್ಲಿ ಹುಡುಗಿಯರು ಎದ್ದು ಕುಣಿದರು. ವೇದಿಕೆಯ ಮೇಲೆ ಮೂವರೂ ನಗುತ್ತಿದ್ದರು. ಹೆಡ್‌ಫೋನಿನಲ್ಲಿ ಕೆರಿ ಉಸಿರು ಎಳೆದುಕೊಳ್ಳುವುದು, ಹಾಡಿನ ನಡುವೆ ಸಣ್ಣಗೆ ನಗುವುದು, ಎಲ್ಲವೂ ಲವಿಟಾಗೆ ಒಬ್ಬಳಿಗೇ ಕೇಳಿಸುತ್ತಿತ್ತು.

ಆಮೇಲೆ ಪಿಯಾನೋ ಶುರುವಾಯಿತು. ನಿಧಾನದ ಹಾಡು.

ಲೊರೈನ್ ಮತ್ತು ಗೆಮ್ಮಾ ಹಿಂದೆ ಸರಿದು ನಿಂತರು. ಕೆರಿ ಮೆಟ್ಟಿಲಿಳಿದು ಮೇಜುಗಳ ನಡುವಿನ ದಾರಿಗೆ ಬಂದಳು. ಮೊದಲ ಸಾಲನ್ನು ಹಾಡಿದಳು. ಎರಡನೆಯದನ್ನೂ. ವಧುವಿನ ತಾಯಿಯ ಹತ್ತಿರ ಬಂದಾಗ ಕೈಯೆತ್ತಿ ಬಲಗಿವಿಯ ಇಯರ್‌ಪೀಸ್ ತೆಗೆದಳು. ಆಮೇಲೆ ಎಡಗಿವಿಯದ್ದು.

ಲವಿಟಾಳ ಬೆರಳು ಮುಂದಿನ ಹಾಡಿನ ಬಟನ್ನಿಗೆ ಹೋಯಿತು.

ಕೆರಿ ಇನ್ನೂ ಒಂದು ಸಾಲು ಹಾಡಿದಳು. ಹಾಡುತ್ತಲೇ ಅವಳ ಹುಬ್ಬು ಗಂಟಿಕ್ಕಿತು. ತಲೆಯನ್ನು ಸ್ಪೀಕರಿನ ಕಡೆ ತಿರುಗಿಸಿದಳು. ಬೇಕೆಂದೇ ಒಂದು ಮಾತನ್ನು ಎಳೆದು, ತಡವಾಗಿ ಹಾಡಿದಳು. ಸ್ಪೀಕರಿನ ಹುಡುಗಿ ಎಳೆಯಲಿಲ್ಲ. ತನ್ನ ಪಾಡಿಗೆ ತಾನು ಮುಂದಕ್ಕೆ ಹೋದಳು.

ಕೆರಿ ಬಾಯಿ ಮುಚ್ಚಿದಳು. ದನಿ ನಿಲ್ಲಲಿಲ್ಲ.

ತುಂಬಿದ ಸಭೆಯ ನಡುವೆ ಅವಳು ತುಟಿ ಬಿಗಿದು ನಿಂತಿದ್ದಾಳೆ. ಸುತ್ತಲೂ ಅವಳದೇ ಹಳೆಯ ದನಿ ಕೊನೆಯ ಬಸ್ಸಿಗಾಗಿ ಕಾಯುತ್ತಿದೆ. ಹತ್ತಿರದ ಮೇಜಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಒಂದು ಮಗು ಕೆರಿಯ ಬಾಯಿಯನ್ನು ಬೆರಳು ಮಾಡಿ ತೋರಿಸಿತು. ವೇದಿಕೆಯಿಂದ ಲೊರೈನ್ ಲವಿಟಾಳ ಕಡೆ ಕೈಯಾಡಿಸುತ್ತಿದ್ದಳು: ಮುಂದಿನ ಹಾಡು, ಮುಂದಿನ ಹಾಡು. ಬಾಗಿಲ ಬಳಿಯಿಂದ ಫರ್ಸಾನಾ ಓಡಿ ಬರುತ್ತಿದ್ದಳು.

ಲವಿಟಾಳ ಬೆರಳು ಮುಂದಿನ ಹಾಡಿನ ಬಟನ್ನಿನ ಮೇಲೇ ಇತ್ತು. ಒತ್ತಿದರೆ ಗದ್ದಲದ ಹಾಡೊಂದು ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು. ಹೆಡ್‌ಫೋನಿನಲ್ಲಿ ಅವಳಿಗೆ ಕೆರಿಯ ಉಸಿರು ಕೇಳಿಸಿತು. ಮೇಲಿಂದ ಮೇಲೆ, ಓಡಿ ಬಂದವರ ಉಸಿರಿನ ಹಾಗೆ. ಟಿವಿಯಲ್ಲಿ ದನಿ ಒಡೆದ ಆ ಸಂಜೆ ಲವಿಟಾ ತನ್ನ ಮನೆಯ ಸೋಫಾದಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದಳು. ಈಗ ಮುಖ ಮುಚ್ಚಿಕೊಂಡು ಕೂರುವಂತಿರಲಿಲ್ಲ.

ಅವಳು ಹಳೆಯ ದನಿಯ ಗುಂಡಿಯನ್ನು ಕೆಳಕ್ಕೆ ಎಳೆದಳು. ಮೂರನೇ ಮೈಕನ್ನು ಮೇಲಕ್ಕೆ ಒತ್ತಿದಳು.

ಹಾಲಿನಲ್ಲಿ ಬರೀ ಪಿಯಾನೋ ಉಳಿಯಿತು. ಅದರ ಜೊತೆ ಕೆರಿಯ ಉಸಿರು, ಈಗ ಎಲ್ಲರಿಗೂ ಕೇಳಿಸುವಂತೆ. ತನ್ನ ಉಸಿರನ್ನು ಸ್ಪೀಕರಿನಲ್ಲಿ ಕೇಳಿ ಕೆರಿ ಬೆಚ್ಚಿದಳು. ಬೆರಳಿನಿಂದ ಮೈಕನ್ನು ಒಮ್ಮೆ ತಟ್ಟಿದಳು. ಧಡ್ ಎಂದು ಹಾಲೆಲ್ಲ ಸದ್ದಾಯಿತು. ಅವಳು ನಿಧಾನವಾಗಿ ತಿರುಗಿ ಮಿಕ್ಸರಿನ ಕಡೆ ನೋಡಿದಳು. ಅಷ್ಟು ದೂರದಿಂದಲೂ ಆ ನೋಟ ಲವಿಟಾಗೆ ಚುಚ್ಚಿತು.

"ಲವಿಟಾ! ಎಂತ ಮಾಡ್ತಾ ಇದ್ದಿ ನೀನು?" ಫರ್ಸಾನಾ ಬಂದು ಅವಳ ಬೆನ್ನ ಹಿಂದೆ ನಿಂತಿದ್ದಳು. "ಹಾಕು, ಮುಂದಿನದ್ದು ಹಾಕು!"

"ಒಂದು ನಿಮಿಷ ಅಕ್ಕ."

"ಯಲ್ಲಾ, ಹಾಕು ಅಂದೆ!"

"ಒಂದೇ ನಿಮಿಷ."

ಕೆರಿ ಹೊರಟುಹೋಗಬಹುದಿತ್ತು. ಬಾಗಿಲು ಅವಳಿಗೆ ಹತ್ತಿರದಲ್ಲೇ ಇತ್ತು, ಒಂದು ಹೆಜ್ಜೆ ಆ ಕಡೆಗೆ ಇಟ್ಟೂ ಆಗಿತ್ತು. ಅಷ್ಟರಲ್ಲಿ ವಧುವಿನ ತಾಯಿ ಕುರ್ಚಿಯ ತುದಿಗೆ ಬಂದು ಅವಳ ಕೈ ಹಿಡಿದುಕೊಂಡರು. ಅವರು ಇದನ್ನು ಏನೆಂದುಕೊಂಡರೋ, ತಮ್ಮನ್ನು ಜೊತೆಗೆ ಹಾಡಲು ಕರೆಯುತ್ತಿದ್ದಾರೆ ಎಂದುಕೊಂಡರೋ, ಬಿಟ್ಟುಹೋದ ಸಾಲನ್ನು ತಾವೇ ಹಾಡತೊಡಗಿದರು. ಶ್ರುತಿ ಇರಲಿಲ್ಲ. ಮಾತು ಮಾತ್ರ ಒಂದೂ ತಪ್ಪಿರಲಿಲ್ಲ.

ಕೆರಿ ಅವರನ್ನು ನೋಡಿದಳು. ಆಮೇಲೆ ಮೈಕನ್ನು ಬಾಯಿಗೆ ಹಿಡಿದು ಅವರ ಜೊತೆ ಸೇರಿದಳು.

ಒಡ್ಡೊಡ್ಡಾದ, ದಪ್ಪನೆಯ ಆ ದನಿ ಹಾಲಿನಲ್ಲಿ ಮೊದಲ ಸಲ ಕೇಳಿಸಿತು. ಮೊದಲ ಎರಡು ಸಾಲು ನಡುಗಿತು. ಎತ್ತರದ ಜಾಗ ಹತ್ತಿರ ಬರುತ್ತಿದ್ದ ಹಾಗೆ ಲವಿಟಾಳ ಕೈ ತಾನಾಗಿಯೇ ಹಳೆಯ ದನಿಯ ಗುಂಡಿಯ ಕಡೆ ಹೋಯಿತು. ಅವಳು ಕೈಯನ್ನು ಹಿಂದಕ್ಕೆ ಎಳೆದು ತೊಡೆಯ ಕೆಳಗೆ ಇಟ್ಟುಕೊಂಡಳು. ಕೆರಿ ಆ ಜಾಗಕ್ಕೆ ಏರಲಿಲ್ಲ. ಏರುವ ಬದಲು ತಗ್ಗಿಗೆ ಇಳಿದಳು, ಹಾಡುವುದಕ್ಕಿಂತ ಹೆಚ್ಚಾಗಿ ಹೇಳುವವಳ ಹಾಗೆ. ಮುಂದಿನ ಮೇಜುಗಳಲ್ಲಿ ಮಾತು ನಿಂತಿತು. ಹಿಂದಿನ ಮೇಜುಗಳಲ್ಲಿ ನಿಲ್ಲಲಿಲ್ಲ. ಅಲ್ಲಿ ಊಟದ ಸುದ್ದಿ ನಡೆದಿತ್ತು.

ಚಪ್ಪಾಳೆ ಬಂತು. ಬಹಳ ದೊಡ್ಡದೇನಲ್ಲ. ಕೆರಿ ವಧುವಿನ ತಾಯಿಯ ಕೆನ್ನೆಗೆ ಕೆನ್ನೆ ತಾಗಿಸಿ ವೇದಿಕೆಗೆ ಮರಳಿದಳು. ಉಳಿದ ಹಾಡುಗಳನ್ನು ಮೂವರೂ ಹಾಡಿ ಮುಗಿಸಿದರು, ಒಬ್ಬರ ಮುಖ ಒಬ್ಬರು ನೋಡದೆ. ಮೂರನೇ ಮೈಕನ್ನು ಲವಿಟಾ ಮತ್ತೆ ಕೆಳಗಿಳಿಸಲಿಲ್ಲ.

ಕಾರ್ಯಕ್ರಮ ಮುಗಿದು ಊಟ ಶುರುವಾದಾಗ ಹಾಡುಗಾರರ ಕೋಣೆಯಿಂದ ಕೂಗಾಟ ಕಾರಿಡಾರಿಗೂ ಕೇಳಿಸುತ್ತಿತ್ತು. ನಿನ್ನನ್ನು ಕಾಪಾಡಲಿಕ್ಕೇ ಮಾಡಿದ್ದು ಎಂದು ಲೊರೈನ್ ಕಿರುಚುತ್ತಿದ್ದಳು. ಗೆಮ್ಮಾ ಅಳುತ್ತಿದ್ದಳು. ಕೆರಿಯ ದನಿ ಕೇಳಿಸಲೇ ಇಲ್ಲ. ಸ್ವಲ್ಪ ಹೊತ್ತಿಗೆ ಅವಳು ಬಾಗಿಲು ತೆರೆದು ಹೊರಗೆ ಬಂದಳು. ವಯರು ಸುತ್ತುತ್ತಿದ್ದ ಲವಿಟಾಳನ್ನು ಕಂಡು ನಿಂತಳು.

"ನಾನು ನಿಮ್ಮನ್ನು ನೇರವಾಗಿ ಕೇಳಿದ್ದೆ."

"ಹೌದು."

"ಚೆನ್ನಾಗಿದೆ ಅಂದಿರಿ."

"ಚೆನ್ನಾಗಿಯೇ ಇತ್ತು. ನನ್ನ ಹೆಡ್‌ಫೋನಿನಲ್ಲಿ."

"ನಿಮ್ಮ ಹೆಡ್‌ಫೋನಿನಲ್ಲಿ!" ಕೆರಿಯ ಕಣ್ಣಿನಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. "ಬ್ಯಾಟರಿ ಹಾಕಲು ಬಂದಾಗ ಹೇಳಬಹುದಿತ್ತು. ಹೊರಗೆ ಕರೆಯಬಹುದಿತ್ತು. ಅಷ್ಟು ಜನರ ಎದುರು ನಾನೇ ಕಂಡುಕೊಳ್ಳುವ ಹಾಗೆ ಬಿಟ್ಟಿರಿ. ಮೈಕ್ ತೆರೆದದ್ದಕ್ಕೆ ನಾನು ನಿಮಗೆ ಥ್ಯಾಂಕ್ಸ್ ಹೇಳಬೇಕೇನು?"

"ಬೇಡ," ಎಂದಳು ಲವಿಟಾ. "ನನಗೆ ಹೆದರಿಕೆಯಾಯಿತು. ಅದಕ್ಕೇ ಹೇಳಲಿಲ್ಲ."

ಕೆರಿ ಲಿಫ್ಟಿನ ಕಡೆ ಹೊರಟುಹೋದಳು.

ಕೆಳಗೆ ನೈಜೆಲ್ ಲವಿಟಾಳ ಮುಖ ನೋಡದೆ ಲ್ಯಾಪ್‌ಟಾಪ್ ಕಸಿದುಕೊಂಡ. ಜೆರೋಮ್ ವ್ಯಾನನ್ನು ರಿಗ್ಗೈಯ ಮನೆಯ ಕಡೆ ಓಡಿಸಿದ. ಕಾರು ನಿಲ್ಲಿಸುವ ಜಾಗಕ್ಕೆ ಬಂದ ಮೇಲೆ ಕೇಳಿದ: "ಮುಂದಿನ ಹಾಡು ಹಾಕ್ಲಿಕ್ಕೆ ಎಂತ ಕಷ್ಟ ಇತ್ತು ನಿನಗೆ?"

"ಕಷ್ಟ ಇರ್ಲಿಲ್ಲ."

"ಮತ್ತೆ?"

ಅವಳು ವ್ಯಾನಿನ ಬಾಗಿಲು ತೆರೆದು ಇಳಿದಳು. ಮಾತಾಡಿದರೆ ಅಳು ಬರುತ್ತಿತ್ತು.

ಮರುದಿನ ಶನಿವಾರ. ಅವಳಿಗೆ ರಜೆ, ಸಾಮಾನು ಒರೆಸಿಡಲು ಗಂಡನ ಜೊತೆ ಶುವೈಖಿಗೆ ಹೋದಳು. ಅಕ್ಕಪಕ್ಕದ ಗ್ಯಾರೇಜುಗಳಲ್ಲಿ ತಗಡು ಬಡಿಯುವ ಸದ್ದು. ಹತ್ತು ಗಂಟೆಯ ಸುಮಾರಿಗೆ ಫರ್ಸಾನಾಳ ಫೋನು ಬಂತು. ದನಿ ಬಿಗಿಯಾಗಿತ್ತು.

"ಆ ಕೆರಿ ನಿನ್ನ ಅಡ್ರೆಸ್ ಕೇಳ್ತಾ ಇದ್ದಾಳೆ. ಗೋದಾಮಿಂದು ಕೊಟ್ಟಿದ್ದೇನೆ. ಎಂತ ಬೇಕೊ ಗೊತ್ತಿಲ್ಲ. ಜಗಳ ಮಾಡ್ಬೇಡ." ಇಷ್ಟು ಹೇಳಿ ಇಟ್ಟುಬಿಟ್ಟಳು.

ಹೋಟೆಲಿನ ಟ್ಯಾಕ್ಸಿ ಬಂದು ನಿಂತಾಗ ಲವಿಟಾ ಒದ್ದೆ ಬಟ್ಟೆ ಹಿಡಿದುಕೊಂಡೇ ಎದ್ದು ನಿಂತಳು. ಕೆರಿ ಒಳಗೆ ಬಂದಳು. ಪೆಟ್ಟಿಗೆಗಳ ಸಾಲನ್ನು, ಸುತ್ತಿಟ್ಟ ವಯರುಗಳನ್ನು, ಜೆರೋಮನನ್ನು ನೋಡಿದಳು. ರಾತ್ರಿ ನಿದ್ದೆ ಮಾಡಿದವಳಂತೆ ಕಾಣಲಿಲ್ಲ.

"ಒಂದು ಕೇಳಬೇಕಿತ್ತು," ಎಂದಳು. "ಇಷ್ಟು ವರ್ಷದ ಶೋಗಳಲ್ಲಿ ನಾನು ಹೇಗೆ ಹಾಡಿದೆ ಎಂದು ಯಾರಿಗೂ ಗೊತ್ತಿಲ್ಲ. ಲೊರೈನ್‌ಗೂ ಗೊತ್ತಿಲ್ಲ, ಅವಳ ಕಿವಿಗೂ ಹಳೆಯ ದನಿಯೇ ಹೋಗುತ್ತಿತ್ತಂತೆ. ನೈಜೆಲ್ ಒಂದು ದಿನವೂ ಹಾಕಿ ಕೇಳಲಿಲ್ಲವಂತೆ. ಕೇಳಿದವರು ನೀವೊಬ್ಬರೇ. ಹೇಳಿ, ನಾನು ಹೇಗೆ ಹಾಡಿದೆ? ಈ ಸಲ ಸರಿಯಾಗಿ ಹೇಳಿ."

ಲವಿಟಾ ಬಟ್ಟೆಯನ್ನು ಪಕ್ಕಕ್ಕಿಟ್ಟಳು. ಮಿಕ್ಸರಿನ ಪೆಟ್ಟಿಗೆ ತೆರೆದಳು.

"ಹೇಳುವುದು ಯಾಕೆ? ಕೇಳಿ. ಈ ಮಿಕ್ಸರು ಪ್ರತಿ ಮೈಕಿನ ದನಿಯನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡುತ್ತದೆ. ನಿನ್ನೆಯದು ಇನ್ನೂ ಅಳಿಸಿಲ್ಲ."

ಜೆರೋಮ್ ತನ್ನ ಕುರ್ಚಿಯನ್ನು ಕೆರಿಯ ಕಡೆ ತಳ್ಳಿದ. ಲವಿಟಾ ಅವಳ ತಲೆಗೆ ಹೆಡ್‌ಫೋನ್ ಹಾಕಲು ಹೋದಾಗ ಅವಳು ತಡೆದಳು. "ಸ್ಪೀಕರಿನಲ್ಲೇ ಹಾಕಿ."

ಸಂಗೀತವಿಲ್ಲದೆ, ಉಳಿದವರಿಲ್ಲದೆ, ಬರೀ ಅವಳ ದನಿ ಗೋದಾಮಿನಲ್ಲಿ ಕೇಳಿಸಿತು. ಮೊದಲ ಹಾಡು. ಕೆರಿ ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈಯೂರಿ ಕೇಳಿದಳು. "ಇಲ್ಲಿ ಇಳಿದಿದ್ದೇನೆ," ಎಂದಳು. ಸ್ವಲ್ಪ ಹೊತ್ತಿಗೆ, "ಇಲ್ಲೂ." ಲವಿಟಾ ಅಲ್ಲಗಳೆಯಲಿಲ್ಲ, ಅದು ನಿಜವೇ ಆಗಿತ್ತು. ಎರಡನೇ ಹಾಡಿನಲ್ಲಿ ಕೆರಿ ತಪ್ಪು ಹುಡುಕುವುದನ್ನು ಬಿಟ್ಟಳು. ನಡುವೆ ಅವಳು ನಕ್ಕ ಆ ಸಣ್ಣ ನಗೆ ಬಂದಾಗ ಕತ್ತು ಎತ್ತಿದಳು.

ಹಾಡು ಮುಗಿದಾಗ ಜೆರೋಮ್ ಗಂಟಲು ಸರಿಮಾಡಿಕೊಂಡ. ನಿನ್ನೆಯಿಂದ ಹೆಂಡತಿಯ ಜೊತೆ ನೆಟ್ಟಗೆ ಮಾತಾಡದಿದ್ದವನು, "ಲವಿ, ಎರಡನೇದು ಇನ್ನೊಮ್ಮೆ ಹಾಕು," ಎಂದ.

ಕೆರಿಗೆ ಮಾತು ಅರ್ಥವಾಗಲಿಲ್ಲ. ಲವಿಟಾ ಅನುವಾದಿಸಿದಳು. ಕೆರಿ ಜೆರೋಮನ ಕಡೆ ತಿರುಗಿ ಅವನನ್ನು ಬಹಳ ಹೊತ್ತು ನೋಡಿದಳು, ಇವನೂ ಸುಳ್ಳು ಹೇಳುತ್ತಿದ್ದಾನೋ ಎಂದು ಪರೀಕ್ಷಿಸುವವಳ ಹಾಗೆ. ಆಮೇಲೆ ಲವಿಟಾಗೆ ಹೂಂ ಎಂದು ತಲೆಯಾಡಿಸಿದಳು. ಮೂವರೂ ಮತ್ತೊಮ್ಮೆ ಕೇಳಿದರು. ಪಕ್ಕದ ಗ್ಯಾರೇಜಿನವರು ಬಡಿಯುತ್ತಲೇ ಇದ್ದರು.

ಹೋಗುವಾಗ ಕೆರಿ ಆ ರೆಕಾರ್ಡಿನ ಒಂದು ಪ್ರತಿ ಬೇಕೆಂದು ತೆಗೆದುಕೊಂಡಳು. ಲವಿಟಾಳ ಕೈ ಕುಲುಕಿದಳು. ಕ್ಷಮಿಸಿದ್ದೇನೆ ಎಂದೇನೂ ಹೇಳಲಿಲ್ಲ. ಅವರ ಮುಂದಿನ ಶೋ ದುಬೈಯಲ್ಲಿತ್ತು; ಅಲ್ಲಿಗೆ ಹೋಗುತ್ತೀರಾ ಎಂದು ಲವಿಟಾ ಕೇಳಿದ್ದಕ್ಕೆ, "ಅವರಿಬ್ಬರು ಹೋಗಲಿ," ಎಂದಳು.

ಅವರಿಬ್ಬರೂ ಹೋಗಲಿಲ್ಲ. ದುಬೈಯ ಶೋ ಅನಾರೋಗ್ಯದ ಕಾರಣ ರದ್ದಾಯಿತೆಂದು ಮೊದಲು ಪ್ರಕಟಿಸಿದರು. ತಿಂಗಳು ಕಳೆಯುವುದರೊಳಗೆ ಲೆಮನ್ ಸ್ಟ್ರೀಟ್ ಇನ್ನಿಲ್ಲ ಎಂದು ಲೊರೈನ್ ತನ್ನ ಪುಟದಲ್ಲಿ ಬರೆದಳು. ಅಭಿಮಾನಿಗಳು ಕಾರಣ ಕೇಳಿದರು. ಮೂವರಲ್ಲಿ ಯಾರೂ ಹೇಳಲಿಲ್ಲ. ಕುವೈತಿನ ಹೆಸರೂ ಎಲ್ಲಿಯೂ ಬರಲಿಲ್ಲ.

ಫರ್ಸಾನಾ ಆ ಚಳಿಗಾಲವೆಲ್ಲ ಕೆಲಸವನ್ನು ಬೇರೆಯವರಿಗೆ ಕೊಟ್ಟಳು. ಕೆಲಸ ಯಾಕೆ ನಿಂತಿತೆಂದು ಕಫೀಲ್ ಎರಡು ಸಲ ಜೆರೋಮನನ್ನು ಕರೆಸಿ ಕೇಳಿದ. ಮನೆಯಲ್ಲಿ ಅದರ ಬಗ್ಗೆ ಜಗ್ಗಾಟವಾಯಿತು, ನಿಂತಿತು, ಮತ್ತೆ ಆಯಿತು. ರಂಜಾನ್ ಕಳೆದು ಮದುವೆಗಳು ಮತ್ತೆ ಶುರುವಾದಾಗ ಒಂದು ಸಂಜೆ ಫರ್ಸಾನಾಳ ಫೋನು ಬಂತು. ಕುಶಲ ಕೇಳಲಿಲ್ಲ.

"ಗುರುವಾರ ಖಾಲಿ ಇದ್ದೀಯಾ?"

"ಇದ್ದೇನೆ ಅಕ್ಕ. ಯಾರು ಹಾಡುದು?"

"ಬೈರುತಿನವಳು ಒಬ್ಬಳು. ಒಬ್ಬಳೇ." ಫರ್ಸಾನಾ ಅಷ್ಟಕ್ಕೇ ಬಿಡಲಿಲ್ಲ. "ನಿನಗೆ ಫೋನ್ ಮಾಡುವ ಮೊದ್ಲು ಅವಳತ್ರ ಕೇಳಿದ್ದೇನೆ. ನಿಜವಾಗಿ ಹಾಡ್ತಾಳಂತೆ."